ಗೇಮ್ ನಿಲ್ಲಿಸಿ ಅಮ್ಮನ ಹತ್ತಿರ ಹೋದ ಹುಡುಗಿ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಮಗನಿಗೆ 9. ನಟ ಅಕ್ಷಯ್ ಕುಮಾರ್ ತಮ್ಮ ಮಗಳಿಗೆ ಆನ್‌ಲೈನ್ ಗೇಮ್‌ನಲ್ಲಿ ಆದ ಅನುಭವ ಹೇಳಿದ ವಿಡಿಯೋ ನೋಡಿದಾಗಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ನನ್ನ ಮಗಳೂ ಅಂಥದ್ದೇ ಗೇಮ್ ಆಡುತ್ತಾಳೆ. ಯಾರ ಜೊತೆ ಅಂತ ಕೇಳಿದರೆ ‘ಫ್ರೆಂಡ್ಸ್’ ಅನ್ನುತ್ತಾಳೆ. ಫೋನ್ ಪೂರ್ತಿ ಕಿತ್ತುಕೊಂಡುಬಿಡಲಾ? ಯಜಮಾನರು ಹಾಗೇ ಮಾಡು ಅನ್ನುತ್ತಾರೆ. ಇನ್ನೊಂದು ವಿಷಯ. ಎರಡು ತಿಂಗಳ ಹಿಂದೆ ಮಗಳು ದೊಡ್ಡವಳಾದಳು. ಮನೆಯಲ್ಲಿ ಆರತಿ ಮಾಡಿದೆವು. ಅದರ ವಿಡಿಯೋ ಸ್ಟೇಟಸ್‌ಗೂ ಫೇಸ್‌ಬುಕ್‌ಗೂ ಹಾಕಿದೆ. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ಮಕ್ಕಳ ಮುಖ ತೋರಿಸುವುದಿಲ್ಲ, ಸರಿ, ಅವರು ದೊಡ್ಡ ಮನುಷ್ಯರು. ನಮ್ಮಂಥವರ ಮಕ್ಕಳ ಫೋಟೋ ಕಟ್ಟಿಕೊಂಡು ಯಾರಿಗೆ ಏನಾಗಬೇಕು? – ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನನಗೆ ಎರಡೂ ಒಂದೇ ಪ್ರಶ್ನೆಯಂತೆ ಕಾಣುತ್ತಿವೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ನಿದ್ದೆಗೆಡಿಸಿದ ಆ ವಿಡಿಯೋ.

2025ರ ಅಕ್ಟೋಬರ್ ಮೊದಲ ವಾರದಲ್ಲಿ ಮುಂಬೈನಲ್ಲಿ ಪೊಲೀಸರ ಸೈಬರ್ ಜಾಗೃತಿ ಕಾರ್ಯಕ್ರಮ ನಡೆಯಿತು. ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಬಂದಿದ್ದರು. ಅಲ್ಲಿ ಅಕ್ಷಯ್ ಕುಮಾರ್ ಕೆಲವು ತಿಂಗಳ ಹಿಂದೆ ತಮ್ಮ ಮನೆಯಲ್ಲಿ ಆದದ್ದನ್ನು ಹೇಳಿದರು. ಮಗಳು ವಿಡಿಯೋ ಗೇಮ್ ಆಡುತ್ತಿದ್ದಳು. ಗುರುತು ಪರಿಚಯ ಇಲ್ಲದವರ ಜೊತೆಗೂ ಆಡಬಹುದಾದ ಗೇಮ್ ಅದು. ಆ ಕಡೆಯಿಂದ ಒಂದು ಮೆಸೇಜ್ ಬಂತು, ನೀನು ಹುಡುಗನೋ ಹುಡುಗಿಯೋ ಅಂತ. ಹುಡುಗಿ ಅಂತ ಉತ್ತರ ಕೊಟ್ಟಳು. ಆಮೇಲೆ ಆತ ಅವಳ ಬೆತ್ತಲೆ ಫೋಟೋ ಕೇಳಿದ. ಅವಳು ಎಲ್ಲವನ್ನೂ ಸ್ವಿಚ್ ಆಫ್ ಮಾಡಿದಳು. ಹೋಗಿ ಅಮ್ಮನಿಗೆ ಹೇಳಿದಳು.

ಆ ವಿಡಿಯೋ ನೋಡಿದವರೆಲ್ಲ ಮೆಸೇಜ್ ಕಳಿಸಿದವನ ಬಗ್ಗೆ ಮಾತಾಡಿದರು. ಶಾಲೆ ಮಕ್ಕಳ ಜೊತೆ ಮಾತಾಡುವುದೇ ನನ್ನ ಕೆಲಸ. ಹಾಗಾಗಿ ನನ್ನ ಗಮನ ಹೋದದ್ದು ಕೊನೆಯ ವಾಕ್ಯದ ಕಡೆಗೆ. ಹೋಗಿ ಅಮ್ಮನಿಗೆ ಹೇಳಿದಳು. ಇಷ್ಟು ವರ್ಷಗಳಲ್ಲಿ ನಾನು ಕಂಡ ಮಕ್ಕಳಲ್ಲಿ ಹೀಗೆ ಮೊದಲ ದಿನವೇ ಹೇಳಿದವರು ಬಹಳ ಕಡಿಮೆ. ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿರುತ್ತಾರೆ. ಊಟ ಸೇರುವುದಿಲ್ಲ. ಹೊಟ್ಟೆನೋವು ಅಂತ ಶಾಲೆ ತಪ್ಪಿಸುತ್ತಾರೆ. ಮಾರ್ಕ್ಸ್ ಇಳಿಯುತ್ತದೆ. ಟೀಚರ್ ನನ್ನ ಹತ್ತಿರ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಮಗು ಒಬ್ಬಂಟಿಯಾಗಿ ಬಹಳ ದೂರ ನಡೆದುಬಿಟ್ಟಿರುತ್ತದೆ.

ಯಾಕಮ್ಮಾ ಮನೆಯಲ್ಲಿ ಹೇಳಲಿಲ್ಲ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. “ಹೇಳಿದ್ರೆ ಫೋನ್ ಕಿತ್ಕೋತಾರೆ ಮಿಸ್.” ಇನ್ನು ಕೆಲವರು, “ನನ್ನನ್ನೇ ಬೈತಾರೆ” ಅನ್ನುತ್ತಾರೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು ಅಲ್ವಾ? ನಿಮ್ಮ ಮಗಳು ಇನ್ನೂ ಏನೂ ತಪ್ಪು ಮಾಡಿಲ್ಲ. ಏನೂ ಆಗಿಯೂ ಇಲ್ಲ. ಹೀಗಿರುವಾಗ ಎಲ್ಲೋ ಯಾರೋ ಹೇಳಿದ ಮಾತಿಗೆ ನೀವು ಫೋನ್ ಕಿತ್ತುಕೊಂಡರೆ ಅವಳು ಕಲಿಯುವುದು ಒಂದೇ ಪಾಠ: ಇಂಥ ವಿಷಯ ಮನೆಗೆ ಗೊತ್ತಾದರೆ ಶಿಕ್ಷೆ ನನಗೇ. ನಾಳೆ ನಿಜವಾಗಿ ಒಬ್ಬ ಬಂದು ಫೋಟೋ ಕೇಳಿದಾಗ ಅವಳು ಆ ಪಾಠದ ಪ್ರಕಾರವೇ ನಡೆದುಕೊಳ್ಳುತ್ತಾಳೆ. ಫೋನ್ ಇಲ್ಲದಿದ್ದರೂ ಗೆಳತಿಯ ಫೋನ್ ಇದೆ, ಟ್ಯೂಷನ್‌ನಲ್ಲಿ ಅಣ್ಣಂದಿರ ಫೋನ್ ಇದೆ. ಅಲ್ಲಿ ಏನಾದರೂ ಆದರೆ ನಿಮಗೆ ಸುಳಿವೂ ಸಿಗುವುದಿಲ್ಲ. ನಿಮ್ಮ ಯಜಮಾನರಿಗೂ ಇದನ್ನು ಓದಿಸಿ. ಅವರ ಹೆದರಿಕೆ ನ್ಯಾಯವಾದದ್ದೇ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. 12 ವರ್ಷದ ಮಗುವಿಗೆ ಸ್ವಂತ ಫೋನ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆಯ ಫೋನ್ ಇರಲಿ. ಹಾಲ್‌ನಲ್ಲಿ ಕೂತು ಬಳಸಲಿ. ರಾತ್ರಿ ಫೋನ್ ನಿಮ್ಮ ಕೋಣೆಯಲ್ಲಿ ಚಾರ್ಜ್ ಆಗಲಿ. ಬಾಗಿಲು ಹಾಕಿಕೊಂಡು, ಹೊದಿಕೆಯೊಳಗೆ ಫೋನ್ ನೋಡುವ ಹೊತ್ತೇ ಅಪಾಯದ ಹೊತ್ತು. ಆದರೆ ಇದನ್ನು ಮನೆಯ ನಿಯಮ ಅಂತ ಹೇಳಿ, ಅಪ್ಪ ಅಮ್ಮನೂ ಪಾಲಿಸಿ. ಅವಳೊಬ್ಬಳಿಗೇ ಆದರೆ ಅದು ಶಿಕ್ಷೆ ಅನ್ನಿಸುತ್ತದೆ.

ಗೇಮ್‌ನಲ್ಲಿ ಬರುವ ಆ ಅಪರಿಚಿತರು ಹೇಗೆ ಕೆಲಸ ಮಾಡುತ್ತಾರೆ ಅನ್ನುವುದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದೆ ಮಗಳ ಜೊತೆ ಮಾತಾಡಿದರೆ ಅವಳು ನಿಮ್ಮನ್ನು ‘ಏನೂ ಗೊತ್ತಿಲ್ಲದ ಅಮ್ಮ’ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾಳೆ. ಅಕ್ಷಯ್ ಕುಮಾರ್ ಮಗಳ ಹತ್ತಿರ ಆತ ನೇರವಾಗಿ ಫೋಟೋ ಕೇಳಿದ. ಒಂದು ಲೆಕ್ಕದಲ್ಲಿ ಅದು ಒಳ್ಳೆಯದೇ ಆಯಿತು, ಅವಳಿಗೆ ಕೂಡಲೇ ತಿಳಿಯಿತು. ಚಾಲಾಕಿಗಳು ಹೀಗೆ ಅವಸರ ಮಾಡುವುದಿಲ್ಲ. ಮೊದಲು ಚೆನ್ನಾಗಿ ಆಡುತ್ತೀಯ ಅಂತ ಹೊಗಳುತ್ತಾರೆ. ಸೋತಾಗ ಸಮಾಧಾನ ಮಾಡುತ್ತಾರೆ. ದಿನಾ ಅದೇ ಹೊತ್ತಿಗೆ ಬರುತ್ತಾರೆ. ತಾವೂ ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸು ಅನ್ನುತ್ತಾರೆ. ಸ್ಕಿನ್ ಕೊಡಿಸುತ್ತೇನೆ, ಡೈಮಂಡ್ ಹಾಕಿಸುತ್ತೇನೆ ಅನ್ನುತ್ತಾರೆ. ಈ ಪದಗಳ ಅರ್ಥ ಮಗಳನ್ನೇ ಕೇಳಿ, ಖುಷಿಯಿಂದ ಹೇಳುತ್ತಾಳೆ. ನಂತರ ಸಣ್ಣ ಸಣ್ಣ ಪ್ರಶ್ನೆ. ಯಾವ ಊರು? ಯಾವ ಶಾಲೆ? ಅಮ್ಮ ಕೆಲಸಕ್ಕೆ ಹೋಗ್ತಾರಾ? ಈಗ ಮನೇಲಿ ಯಾರಿದ್ದಾರೆ?

ಇಲ್ಲಿಗೆ ಬಂದ ಮೇಲೆ ಎರಡು ಹೆಜ್ಜೆ ಖಂಡಿತ ಇರುತ್ತವೆ. ಒಂದು, ಗೇಮ್ ಬಿಟ್ಟು ಬೇರೆ ಕಡೆ ಬಾ ಅನ್ನುವುದು. ವಾಟ್ಸ್‌ಆ್ಯಪ್‌ಗೆ ಬಾ, ಇನ್‌ಸ್ಟಾಗೆ ಬಾ, ಸ್ನ್ಯಾಪ್‌ಚಾಟ್‌ಗೆ ಬಾ. ಇನ್ನೊಂದು, ಇದು ನಮ್ಮಿಬ್ಬರ ಮಧ್ಯೆ ಇರಲಿ, ಅಮ್ಮನಿಗೆ ಹೇಳಬೇಡ ಅನ್ನುವುದು. ನಾನು ಮಕ್ಕಳಿಗೆ ಯಾವಾಗಲೂ ಹೇಳುವುದು ಇಷ್ಟು. ಎದುರಿನವರು ಹುಡುಗನೋ ಹುಡುಗಿಯೋ, ಚಿಕ್ಕವರೋ ದೊಡ್ಡವರೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದು ನಿಮಗೆ ತಿಳಿಯುವುದೇ ಇಲ್ಲ. ಈ ಎರಡು ಮಾತಲ್ಲಿ ಒಂದನ್ನು ಆಡಿದರೂ ಅವರು ಗೆಳೆಯರಲ್ಲ. ಇಷ್ಟು ಗುರುತು ಹಿಡಿಯುವುದನ್ನು 9 ವರ್ಷದ ನಿಮ್ಮ ಮಗನೂ ಕಲಿಯಬಲ್ಲ.

ಮಗನ ವಿಷಯ ಬಂತು, ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಅವನ ವಯಸ್ಸು ಬಿಟ್ಟು ಬೇರೇನೂ ಇಲ್ಲ. ಗಂಡುಮಕ್ಕಳಿಗೆ ಏನೂ ಆಗುವುದಿಲ್ಲ ಅಂತ ನಾವು ನಂಬಿಕೊಂಡಿದ್ದೇವೆ. ಹುಡುಗಿಯ ಹೆಸರಿನ ನಕಲಿ ಖಾತೆಯಿಂದ ಮಾತಾಡಿ, ಒಂದು ಫೋಟೋ ಪಡೆದು, ಆಮೇಲೆ ದುಡ್ಡು ಕೊಡು ಇಲ್ಲಾಂದ್ರೆ ನಿನ್ನ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ ಅಂತ ಹೆದರಿಸುವ ಮೋಸಕ್ಕೆ ಸಿಕ್ಕುವವರಲ್ಲಿ ಹುಡುಗರೇ ಜಾಸ್ತಿ. ಅವರಂತೂ ಬಾಯಿ ಬಿಡುವುದೇ ಇಲ್ಲ. ಅಕ್ಕನಿಗೆ ಹೇಳುವುದನ್ನೆಲ್ಲ ತಮ್ಮನನ್ನೂ ಕೂರಿಸಿಕೊಂಡು ಹೇಳಿ.

ಹೇಗೆ ಹೇಳುವುದು? ಉಪದೇಶದ ದನಿ ಬೇಡ. ಅವಳ ಪಕ್ಕ ಕೂತು ಒಂದು ಆಟ ಕಲಿಸು ಅನ್ನಿ. ಸೋಲುತ್ತೀರಿ, ಸೋಲಿ. ಆಡುತ್ತಾ ಆಡುತ್ತಾ ಅಕ್ಷಯ್ ಕುಮಾರ್ ಹೇಳಿದ ಕಥೆ ತೆಗೆಯಿರಿ. “ಆ ಹುಡುಗಿ ಅಮ್ಮನಿಗೆ ಹೇಳಿದ್ಲಂತೆ. ನೀನಾಗಿದ್ರೆ ಏನ್ ಮಾಡ್ತಿದ್ದೆ?” ಅಂತ ಕೇಳಿ, ಸುಮ್ಮನಾಗಿ. ಮಗಳು ಏನೇ ಹೇಳಲಿ, ಅರ್ಧಕ್ಕೆ ತಡೆಯಬೇಡಿ. ಕೊನೆಯಲ್ಲಿ ನೀವು ಒಂದು ಮಾತು ಕೊಡಬೇಕು, ಸ್ಪಷ್ಟವಾಗಿ, ಬಾಯಿಬಿಟ್ಟು: “ನಿನಗೆ ಹೀಗೆ ಏನಾದರೂ ಆದರೆ ನನಗೆ ಹೇಳು. ನೀನೇ ಮೊದಲು ಮೆಸೇಜ್ ಮಾಡಿದ್ದರೂ ಸರಿ, ಫೋಟೋ ಕಳಿಸಿಬಿಟ್ಟಿದ್ದರೂ ಸರಿ. ನಾನು ಬೈಯಲ್ಲ. ಫೋನ್ ಕಿತ್ಕೊಳ್ಳಲ್ಲ. ಇಬ್ಬರೂ ಸೇರಿ ಏನು ಮಾಡಬೇಕೋ ಮಾಡೋಣ.” ಈ ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಅವಳು ಮೊದಲು ಒಂದು ಸಣ್ಣ ವಿಷಯ ತಂದು ನಿಮ್ಮನ್ನು ಪರೀಕ್ಷೆ ಮಾಡುತ್ತಾಳೆ. ಯಾರೋ ಕೆಟ್ಟ ಸ್ಟಿಕ್ಕರ್ ಕಳಿಸಿದರು ಅಂತಲೋ, ಗೆಳತಿ ಇನ್‌ಸ್ಟಾ ಖಾತೆ ತೆರೆದಿದ್ದಾಳೆ ಅಂತಲೋ. ಆಗ ನೀವು ರೇಗಿದರೆ ದೊಡ್ಡ ವಿಷಯ ಯಾವತ್ತೂ ನಿಮ್ಮ ಹತ್ತಿರ ಬರುವುದಿಲ್ಲ.

ಅಕ್ಷಯ್ ಕುಮಾರ್ ಅದೇ ವೇದಿಕೆಯಲ್ಲಿ ಇನ್ನೊಂದು ಬೇಡಿಕೆ ಇಟ್ಟರು. ಏಳರಿಂದ ಹತ್ತನೇ ತರಗತಿವರೆಗೆ ವಾರಕ್ಕೊಂದು ಸೈಬರ್ ಪೀರಿಯಡ್ ಇರಲಿ ಅಂತ. ಒಳ್ಳೆಯ ಮಾತು. ನನ್ನನ್ನು ಕೇಳಿದರೆ ನಾಲ್ಕನೇ ತರಗತಿಯಿಂದಲೇ ಬೇಕು. ನಿಮ್ಮ ಮಗನ ವಯಸ್ಸಿನ ಮಕ್ಕಳೇ ಈಗ ಗೇಮ್‌ನಲ್ಲಿದ್ದಾರಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ಇಲ್ಲಿ ನಾವು ತಾಯಂದಿರೇ ಎಡವುತ್ತೇವೆ.

ಕೊಹ್ಲಿ ಮತ್ತು ಅನುಷ್ಕಾ ಅವರಿಗೆ 2021ರ ಜನವರಿಯಲ್ಲಿ ಮಗಳು ಹುಟ್ಟಿದಳು. ಮಗುವಿನ ಫೋಟೋ ತೆಗೆಯಬೇಡಿ ಅಂತ ಅವರು ಫೋಟೋಗ್ರಾಫರ್‌ಗಳನ್ನು ಕೇಳಿಕೊಂಡರು. ಅದೇ ವರ್ಷ ಕೊಹ್ಲಿ ಅಭಿಮಾನಿಗಳ ಪ್ರಶ್ನೆಗೆ ಉತ್ತರಿಸುತ್ತಾ ಕಾರಣವನ್ನೂ ಹೇಳಿದರು. ಸೋಷಿಯಲ್ ಮೀಡಿಯಾ ಅಂದರೆ ಏನು ಅಂತ ಮಗಳಿಗೆ ತಿಳಿದು, ಅವಳೇ ಬೇಕೋ ಬೇಡವೋ ನಿರ್ಧಾರ ಮಾಡುವ ತನಕ ಅವಳನ್ನು ಅಲ್ಲಿ ತೋರಿಸುವುದಿಲ್ಲ ಅಂತ ಗಂಡ ಹೆಂಡತಿ ಸೇರಿ ತೀರ್ಮಾನ ಮಾಡಿದ್ದೇವೆ ಅಂದರು. ಗಮನಿಸಿ, ದೃಷ್ಟಿಯಾಗುತ್ತದೆ ಅಂತ ಅವರು ಹೇಳಲಿಲ್ಲ. ನಾವು ದೊಡ್ಡ ಜನ ಅಂತಲೂ ಹೇಳಲಿಲ್ಲ. ಅದು ಮಗಳ ಮುಖ, ಅವಳೇ ನಿರ್ಧರಿಸಲಿ ಅಂದರು. ಈ ಕಾರಣ ದಾವಣಗೆರೆಯ ಮನೆಗೂ ಹೊಂದುತ್ತದೆ ಅಲ್ವಾ?

ಮುಖ ಮುಚ್ಚಿಟ್ಟರೂ ಆ ಮಗುವಿಗೆ ಪೂರ್ತಿ ರಕ್ಷಣೆ ಸಿಗಲಿಲ್ಲ. 2021ರ ಟಿ20 ವಿಶ್ವಕಪ್‌ನಲ್ಲಿ ಭಾರತ ಪಾಕಿಸ್ತಾನದ ಎದುರು ಸೋತಿತು. ಆಮೇಲೆ ವರ್ಷ ತುಂಬದ ಆ ಕೂಸಿನ ಮೇಲೆ ಅತ್ಯಾಚಾರದ ಬೆದರಿಕೆ ಹಾಕಿದ ಆರೋಪದಲ್ಲಿ ಹೈದರಾಬಾದ್‌ನ 23 ವರ್ಷದ ಎಂಜಿನಿಯರ್‌ನನ್ನು ಮುಂಬೈ ಪೊಲೀಸರು ಬಂಧಿಸಿದರು. ಅದಕ್ಕೂ ಒಂದು ವರ್ಷ ಮೊದಲು, 2020ರ ಅಕ್ಟೋಬರ್‌ನಲ್ಲಿ, ಚೆನ್ನೈ ತಂಡ ಐಪಿಎಲ್ ಪಂದ್ಯವೊಂದನ್ನು ಸೋತಾಗ ಧೋನಿಯ ಐದು ವರ್ಷದ ಮಗಳಿಗೂ ಇಂಥದ್ದೇ ಬೆದರಿಕೆ ಬಂದಿತ್ತು. ಪೊಲೀಸರು ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಗುಜರಾತಿನ ಮುಂದ್ರಾದ 16 ವರ್ಷದ ಹುಡುಗ. ಪಿಯುಸಿ ಓದುವ ವಯಸ್ಸು. ಈ ಸುದ್ದಿ ಓದಿದಾಗ ನನಗೆ ಆ ಹೆಣ್ಣುಮಗುವಿನಷ್ಟೇ ಆ ಹುಡುಗನ ತಾಯಿಯೂ ಕಣ್ಣಮುಂದೆ ಬಂದಳು. ಅವಳೂ ಮಗನ ಕೈಗೆ ಫೋನ್ ಕೊಟ್ಟು, ಓದುತ್ತಿದ್ದಾನೆ ಅಂದುಕೊಂಡಿರಬೇಕು. ನಮ್ಮ ಮಗುವಿಗೆ ಯಾರೂ ಏನೂ ಮಾಡದಿರಲಿ ಅಂತ ಎಷ್ಟು ಯೋಚಿಸುತ್ತೇವೋ, ನಮ್ಮ ಮಗು ಯಾರಿಗೂ ಏನೂ ಮಾಡದಿರಲಿ ಅಂತಲೂ ಅಷ್ಟೇ ಯೋಚಿಸಬೇಕು. ಮಗನ ಜೊತೆ ಮಾತಾಡಿ ಅಂತ ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಈ ಮಕ್ಕಳ ಹೆಸರು ಎಲ್ಲರಿಗೂ ಗೊತ್ತು. ಆದರೂ ನಾನು ಬರೆಯುತ್ತಿಲ್ಲ. ಅವರು ಅಪ್ಪ ಅಮ್ಮನ ಹೆಸರಿಗೆ ಹುಟ್ಟಿದ್ದು ಬಿಟ್ಟರೆ ಸುದ್ದಿಯಾಗಲು ಬೇರೇನೂ ಮಾಡಿಲ್ಲ.

ನೀವು ಹೇಳುತ್ತೀರಿ, ಇದೆಲ್ಲ ಹೆಸರುವಾಸಿಗಳ ಕಷ್ಟ ಅಂತ. ಅವರ ಹತ್ತಿರ ಏನಿದೆ, ನಮ್ಮ ಹತ್ತಿರ ಏನಿಲ್ಲ ಅಂತ ನೋಡಿ. 2023ರ ಏಪ್ರಿಲ್‌ನಲ್ಲಿ ಕೆಲವು ಯೂಟ್ಯೂಬ್ ಚಾನೆಲ್‌ಗಳು ಐಶ್ವರ್ಯಾ ರೈ ಮತ್ತು ಅಭಿಷೇಕ್ ಬಚ್ಚನ್ ಅವರ 11 ವರ್ಷದ ಮಗಳ ಆರೋಗ್ಯದ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದವು. ಅವರು ದೆಹಲಿ ಹೈಕೋರ್ಟ್‌ಗೆ ಹೋದರು. ಆ ವಿಡಿಯೋಗಳನ್ನು ತೆಗೆಯಬೇಕು ಅಂತ ಕೋರ್ಟ್ ಆದೇಶ ಮಾಡಿತು. ಮಗು ಯಾರದ್ದೇ ಇರಲಿ, ಪ್ರಸಿದ್ಧರ ಮಗುವಾಗಲಿ ಸಾಮಾನ್ಯರ ಮಗುವಾಗಲಿ, ಗೌರವದಿಂದ ನಡೆಸಿಕೊಳ್ಳಬೇಕು ಅನ್ನುವ ಅರ್ಥದ ಮಾತನ್ನೂ ನ್ಯಾಯಮೂರ್ತಿಗಳು ಹೇಳಿದರು. ಕೋರ್ಟು ಹೇಳಿದ್ದು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಆದರೆ ಹೈಕೋರ್ಟ್ ಮೆಟ್ಟಿಲು ಹತ್ತಲು ನಿಮಗೂ ನನಗೂ ವಕೀಲರನ್ನು ಇಡುವ ಶಕ್ತಿ ಇದೆಯಾ? ಅವರ ಮಗಳ ಫೋಟೋ ದುರುಪಯೋಗ ಆದರೆ ಇಡೀ ದೇಶಕ್ಕೆ ಗೊತ್ತಾಗುತ್ತದೆ. ನಿಮ್ಮ ಮಗಳ ಫೋಟೋ ಎಲ್ಲೋ ಯಾವುದೋ ಗ್ರೂಪಿನಲ್ಲಿ ಓಡಾಡಿದರೆ ನಿಮಗೇ ಗೊತ್ತಾಗುವುದಿಲ್ಲ. ಹಾಗಾಗಿ ‘ನಾವು ಸಾಮಾನ್ಯರು’ ಅನ್ನುವುದು ನನಗೆ ಧೈರ್ಯ ಕೊಡುವ ಮಾತಾಗಿ ಕೇಳುವುದಿಲ್ಲ. ಇನ್ನೂ ಹುಷಾರಾಗಿರಬೇಕು ಅಂತ ಕೇಳುತ್ತದೆ.

ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ವಿಷಯ ನೆನಪಿದೆಯಾ? 2023ರ ನವೆಂಬರ್‌ನಲ್ಲಿ ಬೇರೆ ಯುವತಿಯ ವಿಡಿಯೋಗೆ ಅವರ ಮುಖ ಅಂಟಿಸಿ ಹರಿಬಿಟ್ಟಿದ್ದರು. ಇದು ತಾನು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಆಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗುವುದಿಲ್ಲ ಅಂತ ಅವರು ಬರೆದುಕೊಂಡರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ದೆಹಲಿ ಪೊಲೀಸರು ಮುಂದಿನ ಜನವರಿಯಲ್ಲಿ ಆಂಧ್ರದಲ್ಲಿ ಒಬ್ಬನನ್ನು ಹಿಡಿದರು. ಅವರದೇ ಅಭಿಮಾನಿ ಪುಟ ನಡೆಸುತ್ತಿದ್ದವನು, ಫಾಲೋವರ್ಸ್ ಹೆಚ್ಚಿಸಿಕೊಳ್ಳಲು ಹಾಗೆ ಮಾಡಿದ್ದ ಅಂತ ಪೊಲೀಸರು ಹೇಳಿದರು. ಇಂಥದ್ದನ್ನು ಮಾಡಲು ಈಗ ದೊಡ್ಡ ವಿದ್ಯೆ ಬೇಡ. ಮುಖ ಸ್ಪಷ್ಟವಾಗಿ ಕಾಣುವ ಒಂದು ಫೋಟೋ ಸಾಕು. ಮಾಡುವವನು ಎಲ್ಲೋ ದೂರದ ಕಳ್ಳನೇ ಆಗಬೇಕಿಲ್ಲ, ಮಗಳ ಕ್ಲಾಸಿನಲ್ಲೇ ಕೂತ ಹುಡುಗನೂ ಆಗಬಹುದು.

ಈಗ ನಿಮ್ಮ ಆರತಿ ವಿಡಿಯೋ. ನಿಮ್ಮ ಸಂಭ್ರಮ ನನಗೆ ಅರ್ಥವಾಗುತ್ತದೆ. ಸೋದರಮಾವ ಸೀರೆ ತಂದಿರುತ್ತಾರೆ, ಮುತ್ತೈದೆಯರು ಬಂದಿರುತ್ತಾರೆ, ಮಗಳು ಮೊದಲ ಸಲ ಅಷ್ಟು ದೊಡ್ಡವಳಾಗಿ ಕಂಡಿರುತ್ತಾಳೆ. ನಾಲ್ಕು ಜನಕ್ಕೆ ತೋರಿಸಬೇಕು ಅನ್ನಿಸುವುದು ಸಹಜ. ಆದರೆ ಅವಳ ಜಾಗದಲ್ಲಿ ನಿಂತು ನೋಡಿ. ಅವಳ ಮೈಯಲ್ಲಿ ಒಂದು ಬದಲಾವಣೆ ಆಗಿದೆ. ಅವಳಿಗೇ ಅದು ಹೊಸದು, ಮುಜುಗರದ್ದು. ಆ ಸುದ್ದಿ ಈಗ ನಿಮ್ಮ ಫೋನ್‌ನಲ್ಲಿ ನಂಬರ್ ಸೇವ್ ಆಗಿರುವ ಎಲ್ಲರಿಗೂ ತಲುಪಿದೆ. ಗ್ಯಾಸ್ ತರುವವರು, ಕೇಬಲ್‌ನವರು, ಆಟೋದವರು, ಶಾಲೆಯ ಮೇಷ್ಟ್ರು, ಅವಳ ಕ್ಲಾಸಿನ ಹುಡುಗರ ಅಮ್ಮಂದಿರು. ಸ್ಟೇಟಸ್ ಒಂದು ದಿನಕ್ಕೆ ಹೋಗುತ್ತದೆ ನಿಜ, ಆದರೆ ಅದನ್ನು ಯಾರು ಉಳಿಸಿಕೊಂಡರು ಅಂತ ನಿಮಗೆ ತಿಳಿಯುವುದಿಲ್ಲ. ಫೇಸ್‌ಬುಕ್‌ನಲ್ಲಂತೂ ಅದು ಇವತ್ತಿಗೂ ಇದೆ. ಎರಡು ದಿನ ಮಾತು ಬಿಟ್ಟಳು ಅಂದಿರಿ. ನನಗೆ ಅದು ಹಟ ಅನ್ನಿಸುವುದಿಲ್ಲ. ಹೇಗೆ ಹೇಳಬೇಕು ಅಂತ ತಿಳಿಯದೆ ಮೌನದಲ್ಲೇ ಹೇಳಿದ್ದಾಳೆ.

ಹಾಲಿವುಡ್ ನಟಿ ಗ್ವಿನೆತ್ ಪಾಲ್ಟ್ರೋ ಅವರ ಮಗಳು ಇದನ್ನು ಬಾಯಿಬಿಟ್ಟೇ ಹೇಳಿದಳು. 2019ರಲ್ಲಿ ಪಾಲ್ಟ್ರೋ ಮಗಳ ಜೊತೆ ಹಿಮದಲ್ಲಿ ಸ್ಕೀಯಿಂಗ್‌ಗೆ ಹೋದಾಗಿನ ಫೋಟೋ ಇನ್‌ಸ್ಟಾಗ್ರಾಮ್‌ಗೆ ಹಾಕಿದರು. ಮಗಳಿಗೆ ಆಗ 14 ವರ್ಷ. ಅಮ್ಮ, ನಾವು ಇದರ ಬಗ್ಗೆ ಮಾತಾಡಿದ್ದೇವೆ, ನನ್ನ ಒಪ್ಪಿಗೆ ಇಲ್ಲದೆ ಏನೂ ಹಾಕಬಾರದು ಅಂತ ಎಲ್ಲರ ಎದುರೇ ಕಾಮೆಂಟ್ ಬರೆದಳು. ನಿನ್ನ ಮುಖವೇ ಕಾಣುತ್ತಿಲ್ಲವಲ್ಲ ಅಂದರು ಅಮ್ಮ. ಆ ಮಗಳ ಮಾತಲ್ಲಿ ನನಗೆ ಹಿಡಿಸಿದ್ದು ‘ನಾವು ಮಾತಾಡಿದ್ದೇವೆ’ ಅನ್ನುವುದು. ಅವರ ಮನೆಯಲ್ಲಿ ಈ ಮಾತುಕತೆ ಮೊದಲೇ ನಡೆದಿತ್ತು. ನಮ್ಮಲ್ಲಿ ಎಷ್ಟು ಮನೆಯಲ್ಲಿ ನಡೆದಿದೆ? ಮಗಳನ್ನು ಕೇಳಿ ಫೋಟೋ ಹಾಕುವುದಾ ಅಂತ ನಗುವವರೇ ಜಾಸ್ತಿ.

ಎರಡೂ ಒಂದೇ ಪ್ರಶ್ನೆ ಅಂತ ಶುರುವಿನಲ್ಲಿ ಅಂದಿದ್ದು ಇದಕ್ಕೇ. ಗೇಮ್‌ನಲ್ಲಿ ಯಾರಾದರೂ ಫೋಟೋ ಕೇಳಿದರೆ ‘ಇಲ್ಲ’ ಅನ್ನು ಅಂತ ಮಗಳಿಗೆ ಕಲಿಸಲು ಹೊರಟಿದ್ದೀರಿ. ಆದರೆ ಮನೆಯಲ್ಲಿ ಅವಳಿಗೆ ‘ಬೇಡ’ ಅನ್ನುವ ಅವಕಾಶವೇ ಸಿಗಲಿಲ್ಲ. ತನ್ನ ಫೋಟೋ ತನ್ನದು, ತಾನು ಬೇಡ ಅಂದರೆ ಬೇಡ ಅನ್ನುವುದನ್ನು ಅವಳು ಮೊದಲು ಅಮ್ಮನ ಹತ್ತಿರ ಅಭ್ಯಾಸ ಮಾಡಬೇಕು. ಅಲ್ಲಿ ಗೆದ್ದರೆ ಹೊರಗಿನವನಿಗೆ ಹೇಳುವಾಗ ದನಿ ನಡುಗುವುದಿಲ್ಲ.

ಅಯ್ಯೋ ಈಗಾಗಲೇ ಹಾಕಿಬಿಟ್ಟೆನಲ್ಲ ಅಂತ ಕೊರಗಬೇಡಿ. ಆಲಿಯಾ ಭಟ್, ರಣಬೀರ್ ಕಪೂರ್ 2023ರ ಕ್ರಿಸ್‌ಮಸ್‌ಗೆ ಮಗಳ ಮುಖವನ್ನು ತಾವೇ ಕ್ಯಾಮೆರಾಗಳಿಗೆ ತೋರಿಸಿದ್ದರು. 2025ರ ಮಾರ್ಚ್‌ನಲ್ಲಿ ಮನಸ್ಸು ಬದಲಾಯಿಸಿದರು. ಇನ್ನು ಮುಂದೆ ಮಗುವಿನ ಫೋಟೋ ತೆಗೆಯಬೇಡಿ ಅಂತ ಫೋಟೋಗ್ರಾಫರ್‌ಗಳನ್ನು ಕರೆಸಿ ಕೇಳಿಕೊಂಡರು. ಆಲಿಯಾ ತಮ್ಮ ಖಾತೆಯಲ್ಲಿ ಮಗಳ ಮುಖ ಕಾಣುವ ಫೋಟೋಗಳನ್ನೂ ತೆಗೆದರು. ಅದೇ ವರ್ಷದ ಜನವರಿಯಲ್ಲಿ ಸೈಫ್ ಅಲಿ ಖಾನ್ ಮೇಲೆ ಅವರ ಮನೆಯಲ್ಲೇ ಚಾಕುವಿನಿಂದ ದಾಳಿ ಆದ ಮೇಲೆ ಅವರೂ ಕರೀನಾ ಕೂಡ ಮಕ್ಕಳ ಫೋಟೋ ಬೇಡ ಅಂದಿದ್ದರು. ಅವರ ದೊಡ್ಡ ಮಗ ಹುಟ್ಟಿದಾಗಿನಿಂದ ಕ್ಯಾಮೆರಾದ ಮುಂದೆಯೇ ಬೆಳೆದ ಮಗು. ಅಂಥ ಮನೆಯವರೇ ಹಿಂದೆ ಸರಿಯಬಹುದಾದರೆ ನಿಮಗೆ ಒಂದು ವಿಡಿಯೋ ಅಳಿಸುವುದು ಎಷ್ಟರ ಕೆಲಸ?

ಫೋಟೋ ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ದುಬೈನಲ್ಲಿರುವ ತಮ್ಮನಿಗೆ, ಊರಲ್ಲಿರುವ ಅಜ್ಜಿಗೆ ಮೊಮ್ಮಗಳನ್ನು ನೋಡುವ ಆಸೆ ಇರುತ್ತದೆ. ಅವರಿಗೆ ನೇರವಾಗಿ ಕಳಿಸಿ. ಮನೆಯವರ ಚಿಕ್ಕ ಗ್ರೂಪಿಗೆ ಹಾಕಿ. ಎಲ್ಲರಿಗೂ ಕಾಣುವ ಜಾಗಕ್ಕೆ ಹಾಕುವಾಗ ಮಾತ್ರ ಫೋಟೋದಲ್ಲಿ ಮಗುವಿನ ಜೊತೆ ಇನ್ನೇನು ಕಾಣುತ್ತಿದೆ ನೋಡಿ. ಯೂನಿಫಾರ್ಮ್ ಮೇಲೆ ಶಾಲೆಯ ಹೆಸರು, ಮನೆ ಮುಂದಿನ ಬೋರ್ಡು, ದಿನಾ ಹೋಗುವ ವ್ಯಾನು. ‘ನನ್ನ ಬಂಗಾರಿಗೆ ಇಂದು 12 ತುಂಬಿತು’ ಅಂತ ಹೆಸರಿನ ಜೊತೆ ಹಾಕಿದರೆ ಹುಟ್ಟಿದ ದಿನಾಂಕವೂ ಸಿಕ್ಕಿತು. ಒಂದೊಂದೂ ಸಣ್ಣದು. ಎಲ್ಲ ಸೇರಿಸಿದರೆ ಒಬ್ಬ ಅಪರಿಚಿತ ಶಾಲೆ ಗೇಟಿನ ಹತ್ತಿರ ನಿಂತು ಹೆಸರು ಹಿಡಿದು ಕರೆಯುವಷ್ಟು ಆಗುತ್ತದೆ.

ಇಲ್ಲೇ ಮುದ್ದುಕೃಷ್ಣ ಸ್ಪರ್ಧೆಗಳ ಬಗ್ಗೆ ಹೇಳಬೇಕು. ಜನ್ಮಾಷ್ಟಮಿ ಬಂತೆಂದರೆ ಫೇಸ್‌ಬುಕ್ ತುಂಬ ಕೃಷ್ಣ ರಾಧೆಯರು. ಯಾವುದೋ ಪೇಜಿನವರು ಫೋಟೋ ಕಳಿಸಿ ಅನ್ನುತ್ತಾರೆ. ಮಗುವಿನ ಹೆಸರು, ವಯಸ್ಸು, ಅಪ್ಪ ಅಮ್ಮನ ಹೆಸರು, ಊರು, ಕೆಲವರು ಶಾಲೆಯ ಹೆಸರನ್ನೂ ಕೇಳುತ್ತಾರೆ. ಜಾಸ್ತಿ ಲೈಕ್ ಬಂದವರಿಗೆ ಬಹುಮಾನ. ಅಪ್ಪ ಅಮ್ಮಂದಿರು ಗುರುತಿಲ್ಲದ ಗ್ರೂಪುಗಳಿಗೆಲ್ಲ ಲಿಂಕ್ ಹಾಕಿ ಲೈಕ್ ಕೇಳುತ್ತಾರೆ. ಬರಿಮೈಯ, ಸೊಂಟಕ್ಕೆ ಪಂಚೆ ಸುತ್ತಿದ ಪುಟ್ಟ ಮಗುವಿನ ಫೋಟೋ, ಅದರ ಕೆಳಗೆ ಪೂರ್ತಿ ವಿಳಾಸ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ವೇಷ ಹಾಕಿ, ದೇವಸ್ಥಾನದಲ್ಲಿ, ಶಾಲೆಯ ವೇದಿಕೆಯಲ್ಲಿ ನಿಲ್ಲಿಸಿ, ಕಣ್ಣು ತುಂಬ ನೋಡಿ. ಆ ಪೇಜಿಗೆ ಕಳಿಸಬೇಡಿ.

ಸೆಟ್ಟಿಂಗ್ಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗೇಮ್‌ನಲ್ಲಿ ಚಾಟ್ ಮತ್ತು ಮೈಕ್ ಆಫ್ ಮಾಡುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಗೊತ್ತಿರುವ ಗೆಳತಿಯರ ಜೊತೆ ಮಾತ್ರ ಆಡುವಂತೆ ಇಡಬಹುದು. ಇನ್‌ಸ್ಟಾಗ್ರಾಮ್‌ಗೆ 13 ತುಂಬಿರಬೇಕು, ಅಂದರೆ ನಿಮ್ಮ ಮಗಳಿಗೆ ಈಗ ಅದು ಇಲ್ಲವೇ ಇಲ್ಲ. ಮುಂದೆ ತೆರೆದಾಗಲೂ ನಿಜವಾದ ಹುಟ್ಟಿದ ವರ್ಷವನ್ನೇ ಹಾಕಿಸಿ. 2025ರ ಫೆಬ್ರವರಿಯಿಂದ ಭಾರತದಲ್ಲೂ ಟೀನ್ ಅಕೌಂಟ್ ಬಂದಿದೆ. 18 ಆಗದವರ ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ, ಪರಿಚಯ ಇಲ್ಲದವರ ಮೆಸೇಜ್ ಬರುವುದಿಲ್ಲ, 16 ಆಗದವರು ಈ ನಿಯಮ ಸಡಿಲಿಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಸುಳ್ಳು ವಯಸ್ಸು ಹಾಕಿದರೆ ಇದೆಲ್ಲ ಕೆಲಸಕ್ಕೆ ಬರುವುದಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆಯನ್ನೇ ನಿಲ್ಲಿಸಿದೆ. ತಪ್ಪಿದರೆ ದಂಡ ಕಟ್ಟಬೇಕಾದ್ದು ಕಂಪನಿಗಳು, ಮಕ್ಕಳಲ್ಲ. ಆ ಭಾಗ ನನಗೆ ತುಂಬ ಸರಿ ಅನ್ನಿಸುತ್ತದೆ. ಹೊಣೆಯನ್ನೆಲ್ಲ ತಾಯಂದಿರ ತಲೆಗೇ ಕಟ್ಟುವುದು ನ್ಯಾಯವಲ್ಲ.

ದೇವರು ದೊಡ್ಡವನು, ಹಾಗೇನೂ ಆಗದಿರಲಿ, ಆದರೂ ಏನಾದರೂ ಆಗಿಬಿಟ್ಟರೆ ಅಂತ ಇಷ್ಟು ತಿಳಿದಿರಲಿ. ಹೆದರಿಕೆಯಲ್ಲಿ ಚಾಟ್ ಅಳಿಸಬೇಡಿ. ಆತನ ಖಾತೆಯ ಹೆಸರು, ಮೆಸೇಜ್, ದಿನಾಂಕ ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ. ಮಗಳದ್ದೇ ಅಂಥ ಫೋಟೋ ಇದ್ದರೆ ಅದನ್ನು ಸಾಕ್ಷಿ ಅಂತ ಯಾರಿಗೂ ಕಳಿಸಬೇಡಿ, ಪೊಲೀಸರೇ ನೋಡಿಕೊಳ್ಳುತ್ತಾರೆ. ದುಡ್ಡು ಕೇಳಿದರೆ ಒಂದು ರೂಪಾಯಿಯೂ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ದುಡ್ಡು ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098, ರಾತ್ರಿಯಾದರೂ ಎತ್ತುತ್ತಾರೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ನಿಮ್ಮ ಜಿಲ್ಲಾ ಕೇಂದ್ರದಲ್ಲೇ ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಇದೆ. ಫೋಟೋ ಹೊರಗೆ ಹೋಗಿದೆ ಅನ್ನುವ ಭಯ ಇದ್ದರೆ ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತದೆ. ಫೋಟೋ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಅದನ್ನು ಇಟ್ಟುಕೊಂಡು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಂಪನಿಗಳು ಆ ಫೋಟೋ ಹುಡುಕಿ ತೆಗೆಯುತ್ತವೆ.

ಠಾಣೆ ಅಂದರೆ ಹೆಣ್ಣುಮಗುವಿನ ಮಾನ ಹೋಗುತ್ತದೆ ಅಂತ ಎಷ್ಟೋ ಮನೆಯವರು ಹಿಂದೇಟು ಹಾಕುತ್ತಾರೆ. ಕಾನೂನು ಇದನ್ನು ಯೋಚಿಸಿದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಇಲ್ಲವೇ ಮಗು ಹೇಳಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಗುರುತನ್ನು ಪತ್ರಿಕೆ, ಟಿವಿಯವರು ಬಯಲು ಮಾಡುವಂತಿಲ್ಲ. ಇದನ್ನು ನೀವು ತಿಳಿದುಕೊಂಡು ಹೋದರೆ ಅಲ್ಲಿ ಧೈರ್ಯವಾಗಿ ಕೇಳಬಹುದು.

ಇವತ್ತು ಸಂಜೆ ಮಗಳು ಶಾಲೆಯಿಂದ ಬಂದ ಮೇಲೆ, ಮೊದಲು ಗೇಮ್ ವಿಷಯ ಎತ್ತಬೇಡಿ. ನಿಮ್ಮ ಫೇಸ್‌ಬುಕ್ ತೆಗೆದು ಅವಳ ಕೈಗೆ ಕೊಡಿ. “ಆ ವಿಡಿಯೋ ನಿನ್ನನ್ನು ಕೇಳದೆ ಹಾಕಿದೆ, ತಪ್ಪಾಯ್ತು. ನೀನೇ ಅಳಿಸು” ಅನ್ನಿ. ಹಳೆಯ ಫೋಟೋಗಳಲ್ಲೂ ಯಾವುದು ಇರಲಿ, ಯಾವುದು ಬೇಡ ಅಂತ ಅವಳೇ ಆರಿಸಲಿ. ಅತ್ತಿಗೆ, ನಾದಿನಿಯರು ಹಂಚಿಕೊಂಡಿದ್ದರೆ ಅವರಿಗೂ ನೀವೇ ಫೋನ್ ಮಾಡಿ ತೆಗೆಸಿ, ಅವಳ ಎದುರೇ ಮಾಡಿ. ಗೇಮ್‌ನಲ್ಲಿ ಅವಳ ‘ಫ್ರೆಂಡ್ಸ್’ ಯಾರು ಅಂತ ಎರಡು ದಿನ ಬಿಟ್ಟು ಕೇಳಿ. ಆಗ ಬರುವ ಉತ್ತರ ಬೇರೆ ಇರುತ್ತದೆ.